ಪಶ್ಚಿಮ ಹಿಮಾಲಯದ ನೇಯ್ಗೆ, ಕುಶಲಕಲೆ ಮತ್ತು ಬೌದ್ಧ ದೇಗುಲಗಳು

ಹಿಮಾಚಲ ಪ್ರದೇಶದ ಸಟ್ಲೆಜ್ ಕಣಿವೆಯಿಂದ ಕಿನ್ನೌರ್, ಸ್ಪಿತಿಗಳನ್ನು ಹಾದು ಲದಾಖಿನ ಸಿಂಧೂ ದಂಡೆಯವರೆಗಿನ ಎತ್ತರದ ನಾಡು ಉಣ್ಣೆಯ ನೇಯ್ಗೆಗೂ ಸಾವಿರ ವರ್ಷದ ಬೌದ್ಧ ದೇಗುಲಗಳಿಗೂ ಹೆಸರಾದದ್ದು. ಈ ನಾಡಿನ ಬಹುಭಾಗ ಮಳೆನೆರಳಿನ ಸೀಮೆ. ಹೊಲದಲ್ಲಿ ಬಾರ್ಲಿ, ಬಟಾಣಿ, ತೋಟದಲ್ಲಿ ಜರ್ದಾಳು. ಉಳಿದ ಬದುಕೆಲ್ಲ ಕುರಿ, ಆಡು, ಯಾಕ್‌ಗಳ ಬೆನ್ನ ಮೇಲೆ. ಉಡುವ ಬಟ್ಟೆ, ಮಲಗುವ ಹಾಸು, ಹೇರಿನ ಚೀಲ, ಅಲೆಮಾರಿಗಳ ಗುಡಾರ ಎಲ್ಲವೂ ಈ ಪ್ರಾಣಿಗಳ ಕೂದಲಿನಿಂದಲೇ ಆಗಬೇಕಿತ್ತು. ಉಪ್ಪು, ಉಣ್ಣೆಗಳನ್ನು ಹೊತ್ತ ಕುರಿಹಿಂಡುಗಳು ನಡೆದ ಕಣಿವೆಗಳಲ್ಲೇ ಗ್ರಂಥ ಹೊತ್ತ ಭಿಕ್ಷುಗಳೂ ಉಳಿ ಹಿಡಿದ ಕಾಶ್ಮೀರದ ಶಿಲ್ಪಿಗಳೂ ನಡೆದರು. ಹಾಗಾಗಿ ಇಲ್ಲಿ ಬಟ್ಟೆಯ ಚರಿತ್ರೆ ಗುಡಿಯ ಗೋಡೆಯಲ್ಲಿದೆ, ಗುಡಿಯ ನಕ್ಷೆ ಶಾಲಿನ ಅಂಚಿನಲ್ಲಿದೆ.

ಬೌದ್ಧರ ಮಾತಿನಲ್ಲೇ ಮಗ್ಗದ ಸದ್ದಿದೆ. ಸೂತ್ರವೆಂದರೆ ದಾರ. ತಂತ್ರವೆಂಬ ಪದಕ್ಕೆ ಸಂಸ್ಕೃತದಲ್ಲಿ ಮಗ್ಗ, ಹಾಸು ಎಂಬ ಅರ್ಥಗಳಿವೆ. ಟಿಬೆಟನ್ ಭಾಷೆಯಲ್ಲಿ ಅದಕ್ಕೆ ಸಲ್ಲುವ ‘ಗ್ಯು’ ಎಂಬ ಮಾತೂ ಎಳೆ, ಹುರಿ, ಕಡಿಯದ ಹರಿವು ಎಂದೇ ಆಗುತ್ತದೆ. ಧರ್ಮವೂ ನೇಯ್ಗೆಯೂ ಹಾಸುಹೊಕ್ಕಾಗಿವೆ ಎಂದರೆ ಈ ನಾಡಿನ ಮಟ್ಟಿಗೆ ಅದು ಬರಿಯ ಅಲಂಕಾರದ ಮಾತಲ್ಲ.

ಈಚಿನ ದಶಕಗಳಲ್ಲಿ ನೇಕಾರರ ಊರುಗಳನ್ನೂ ಗೊಂಪಾಗಳನ್ನೂ (ಬೌದ್ಧ ವಿಹಾರಗಳನ್ನು) ಒಂದೇ ಸುತ್ತಿನಲ್ಲಿ ತೋರಿಸುವ ಮಾರ್ಗದರ್ಶಿ ಪ್ರವಾಸಗಳು ರೂಢಿಗೆ ಬಂದಿವೆ. ಸಾಮಾನ್ಯವಾಗಿ ಶಿಮ್ಲಾದಿಂದ ರಾಂಪುರ, ಕಲ್ಪಾ, ನಾಕೊ, ತಾಬೊ, ಕಾಜಾ ಮಾರ್ಗವಾಗಿ ಮನಾಲಿಗೆ ಬಂದು, ಅಲ್ಲಿಂದ ಬಾರಾಲಾಚಾ ಕಣಿವೆದಾರಿ ದಾಟಿ ಲೇಹ್ ಸೇರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳ ಹೊರತು ಈ ಇಡೀ ಸುತ್ತು ಸಾಮಾನ್ಯವಾಗಿ ಸಾಧ್ಯವಿಲ್ಲ. ಕೆಳಗಿನ ವಿವರಣೆಯೂ ಅದೇ ದಾರಿಯನ್ನು ಹಿಡಿದಿದೆ. ನಿಧಾನವಾಗಿ ಎತ್ತರ ಏರುವುದರಿಂದ ಮೈಗೂ ಒಳ್ಳೆಯದು, ಬಟ್ಟೆ ಹೇಗೆ ಬದಲಾಗುತ್ತ ಹೋಗುತ್ತದೆಂಬುದೂ ಕಣ್ಣಿಗೆ ಕಟ್ಟುತ್ತದೆ.

ರಾಂಪುರ ಮತ್ತು ಕಿನ್ನೌರ್

ರಾಂಪುರ ಹಳೆಯ ಬುಶಹರ್ ಸಂಸ್ಥಾನದ ರಾಜಧಾನಿ. ನವೆಂಬರ್ 11ರಿಂದ 14ರವರೆಗೆ ಇಲ್ಲಿ ನಡೆಯುವ ಲಾವಿ ಜಾತ್ರೆಯ ಬೇರು 17ನೆಯ ಶತಮಾನದಲ್ಲಿ ಬುಶಹರಕ್ಕೂ ಟಿಬೆಟ್ಟಿಗೂ ಆದ ವ್ಯಾಪಾರದ ಒಪ್ಪಂದದಲ್ಲಿದೆ. ಮೇಲಿನ ಸೀಮೆಯ ಉಣ್ಣೆ, ಪಶ್ಮ್ (ಆಡಿನ ನವಿರಾದ ಒಳತುಪ್ಪಳ), ಕುದುರೆ, ಚಿಲ್ಗೋಜಾ ಎಂಬ ಪೈನ್ ಬೀಜ ಇಲ್ಲಿಗಿಳಿಯುತ್ತಿದ್ದವು. ಧಾನ್ಯ, ಬೆಲ್ಲ, ಲೋಹದ ಪಾತ್ರೆಗಳು ಮೇಲೇರುತ್ತಿದ್ದವು. 1850ರಲ್ಲಿ ಲಾರ್ಡ್ ಡಾಲ್‌ಹೌಸಿ ಆರಂಭಿಸಿದ ಹಿಂದುಸ್ತಾನ್-ಟಿಬೆಟ್ ರಸ್ತೆಯ ಹಿಂದೆಯೂ ಈ ಉಣ್ಣೆಯ ಮೇಲಿನ ಕಣ್ಣಿತ್ತು. 1962ರ ಯುದ್ಧದೊಂದಿಗೆ ಗಡಿ ಮುಚ್ಚಿತು. ಜಾತ್ರೆ ಉಳಿಯಿತು, ಟಿಬೆಟ್ಟಿನ ಉಣ್ಣೆ ಉಳಿಯಲಿಲ್ಲ.

ಕಿನ್ನೌರಿನ ಶಾಲು ಹಿಮಾಲಯದ ಹೆಚ್ಚು ಕುಸುರಿಯ ನೇಯ್ಗೆಗಳಲ್ಲೊಂದು. ನೆಲದ ಬಣ್ಣ ಸಾಮಾನ್ಯವಾಗಿ ಬೂದು, ಕಂದು ಅಥವಾ ಬಿಳಿ. ಚೆಲುವೆಲ್ಲ ಅಂಚಿನಲ್ಲಿ, ಸೆರಗಿನಲ್ಲಿ. ಅಲ್ಲಿ ಬೇರೆ ಬೇರೆ ಬಣ್ಣದ ಹೆಚ್ಚುವರಿ ಹೊಕ್ಕಿನ ಎಳೆಗಳನ್ನು ಬೆರಳಿನಿಂದಲೇ ಎತ್ತಿ ತೂರಿಸಿ ಚಿತ್ತಾರ ಕೂರಿಸುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಸ್ತೂಪ, ಗುಡಿ, ಸ್ವಸ್ತಿಕ, ಎಂಟೆಸಳಿನ ಹೂವು ಇವು ಮುಖ್ಯ ಆಕೃತಿಗಳು. ಬಿಳಿ ನೀರಿಗೆ, ಹಳದಿ ಮಣ್ಣಿಗೆ, ಕೆಂಪು ಬೆಂಕಿಗೆ, ಹಸಿರು ಗಾಳಿಗೆ, ನೀಲಿ ಆಕಾಶಕ್ಕೆ ಎಂದು ಐದು ಬಣ್ಣಗಳಿಗೂ ಪಂಚಭೂತಗಳಿಗೂ ಗಂಟು ಹಾಕುವುದು ಅಲ್ಲಿಯವರ ನಂಬಿಕೆ. ದಾರಿಯ ಮೇಲೆ ಹಾರಾಡುವ ಪ್ರಾರ್ಥನಾ ಪತಾಕೆಗಳಲ್ಲೂ ಇವೇ ಐದು ಬಣ್ಣಗಳಿವೆ. ಹೆಂಗಸರು ಮೈಗೆ ಸುತ್ತಿ ಬೆಳ್ಳಿಯ ಕೊಕ್ಕೆಯಿಂದ ಬಂಧಿಸುವ ‘ದೋಹ್ರು’ವಿನ ಸೆರಗು ಬೆನ್ನ ಮೇಲೆ ಬೀಳುವಂತೆ ಉಡುವುದುಂಟು, ಆಗ ಸೆರಗಿನ ಚಿತ್ತಾರ ಹಿಂದಿನಿಂದ ಬರುವವರ ಕಣ್ಣಿಗೆ ಪೂರ್ತಿ ಕಾಣುತ್ತದೆ. ಹಸಿರು ಮಖಮಲ್ಲಿನ ಪಟ್ಟಿಯಿರುವ ‘ಥೇಪಾಂಗ್’ ಟೋಪಿಯನ್ನು ಗಂಡಸರೂ ಹೆಂಗಸರೂ ಧರಿಸುತ್ತಾರೆ. ಒಳ್ಳೆಯ ಶಾಲೊಂದು ಮಗ್ಗದಿಂದಿಳಿಯಲು ತಿಂಗಳುಗಳೇ ಬೇಕು. ಕಿನ್ನೌರಿ ಶಾಲಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ.

ಕುಲ್ಲೂ ಶಾಲು ಇದರ ತಂಗಿಯಂತೆ. ಕುಲ್ಲೂವಿನವರು ಮೊದಲು ನೇಯುತ್ತಿದ್ದುದು ‘ಪಟ್ಟು’ ಎಂಬ ಚಿತ್ತಾರವಿಲ್ಲದ ಉಣ್ಣೆಬಟ್ಟೆ. 1940ರ ದಶಕದಲ್ಲಿ ಬುಶಹರ್ ಕಡೆಯಿಂದ ಬಂದ ನೇಕಾರರ ಕೈಯಿಂದ ಅಂಚಿನ ಚಿತ್ತಾರ ಅಲ್ಲಿಗೆ ಹಬ್ಬಿತು. 1944ರಲ್ಲಿ ಭುಟ್ಟಿ ಎಂಬ ಹಳ್ಳಿಯ ನೇಕಾರರು ಕಟ್ಟಿದ ಸಹಕಾರ ಸಂಘ, 1956ರಿಂದ ಠಾಕೂರ್ ವೇದರಾಮ್ ಅವರ ಮುಂದಾಳತ್ವದಲ್ಲಿ ಬೆಳೆದು, ‘ಭುಟ್ಟಿಕೊ’ ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ನೇಕಾರರೇ ಒಡೆಯರಾದ ಸಂಸ್ಥೆ ಇಷ್ಟು ಕಾಲ ಬಾಳಿದ್ದು ಕೈಮಗ್ಗದ ಲೋಕದಲ್ಲಿ ಅಪರೂಪ.

ಸಟ್ಲೆಜ್ ಬಿಟ್ಟು ಮೇಲೇರಿದಾಗ ಸಿಗುವ ನಾಕೊ ಒಂದು ಪುಟ್ಟ ಕೆರೆಯ ಊರು. ಅಲ್ಲಿನ ಹಳೆಯ ಗುಡಿಗಳು 11-12ನೆಯ ಶತಮಾನದವು. 1975ರ ಜನವರಿಯಲ್ಲಿ ಆದ ಕಿನ್ನೌರ್ ಭೂಕಂಪ ಈ ಊರನ್ನೂ ಮುಂದಿನ ತಾಬೊವನ್ನೂ ಅಲುಗಿಸಿತು.

ತಾಬೊ

ಸ್ಪಿತಿ ನದಿಯ ದಂಡೆಯಲ್ಲಿ, ಸಮುದ್ರಮಟ್ಟದಿಂದ 3,000 ಮೀಟರಿಗೂ ಮೇಲೆ, ಹೊರಗಿನಿಂದ ನೋಡಿದರೆ ಸಾದಾ ಮಣ್ಣಿನ ಗೋಡೆಗಳ ಗುಂಪೊಂದು ಕಾಣುತ್ತದೆ. ಕ್ರಿ.ಶ. 996ರಲ್ಲಿ ಪಶ್ಚಿಮ ಟಿಬೆಟ್ಟಿನ ಗುಗೆ ರಾಜ್ಯದ ಯೆಶೆ ಓ ಕಟ್ಟಿಸಿದ ತಾಬೊ ವಿಹಾರ ಇದು. ಅವನ ವಂಶದ ಜಾಂಗ್‌ಚುಬ್ ಓ 46 ವರ್ಷಗಳ ನಂತರ, 1042ರಲ್ಲಿ, ಇದನ್ನು ನವೀಕರಿಸಿದನೆಂದು ಒಳಗಿನ ಶಾಸನವೇ ಹೇಳುತ್ತದೆ. ಯೆಶೆ ಓ ಬೌದ್ಧ ಧರ್ಮವನ್ನು ಮತ್ತೆ ಗಟ್ಟಿಗೊಳಿಸಲು ತರುಣರನ್ನು ಕಾಶ್ಮೀರಕ್ಕೆ ಓದಲು ಕಳಿಸಿದ. ಅವರಲ್ಲಿ ಹೆಸರಾದವನು ‘ಮಹಾ ಅನುವಾದಕ’ ರಿನ್ಚೆನ್ ಜಾಂಗ್ಪೊ (958–1055). ಅವನು 108 ಗುಡಿಗಳನ್ನು ಕಟ್ಟಿಸಿದನೆಂಬುದು ಐತಿಹ್ಯ. ಕಾಶ್ಮೀರದಿಂದ 32 ಕಲಾವಿದರನ್ನು ಕರೆತಂದನೆಂದು ಅವನ ಜೀವನಚರಿತ್ರೆ ಹೇಳುತ್ತದೆ.

ಮುಖ್ಯ ಗುಡಿಯ ಸಭಾಂಗಣದಲ್ಲಿ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಆಮೇಲೆ ಗೋಡೆಗಳ ಮೇಲೆ, ಆಳೆತ್ತರದಾಚೆ, ಒಂದೊಂದಾಗಿ ಮಣ್ಣಿನ ಮೂರ್ತಿಗಳು ಮೂಡುತ್ತವೆ. ನಡುವೆ ನಾಲ್ಕು ದಿಕ್ಕಿಗೂ ಮುಖ ಮಾಡಿದ ವೈರೋಚನ ಬುದ್ಧ, ಸುತ್ತ ಅವನ ಪರಿವಾರ. ಇಡೀ ಸಭಾಂಗಣವೇ ವಜ್ರಧಾತು ಮಂಡಲ. ನೋಡುವವನು ಮಂಡಲದ ಒಳಗೇ ನಿಂತಿರುತ್ತಾನೆ. ಮೂರ್ತಿಗಳ ಕೆಳಗಿನ ಭಿತ್ತಿಚಿತ್ರಗಳಲ್ಲಿ ಒಂದು ಕಡೆ ಬುದ್ಧನ ಬದುಕು, ಇನ್ನೊಂದು ಕಡೆ ಗಂಡವ್ಯೂಹ ಸೂತ್ರದ ಸುಧನನ ಯಾತ್ರೆ. ಆ ಸುಧನ ಜ್ಞಾನವನ್ನರಸಿ ಊರೂರು ಅಲೆದು, ಭಿಕ್ಷುಗಳ ಬಳಿ ಮಾತ್ರವಲ್ಲದೆ ಸುಗಂಧ ಮಾರುವವನ ಬಳಿ, ಹಡಗು ನಡೆಸುವವನ ಬಳಿಯೂ ಕಲಿತವನು. ಕಸುಬಿನವರನ್ನು ಗುರುಗಳೆಂದು ಕಂಡ ಈ ಕಥೆ ಗುಡಿಯ ಗೋಡೆಯಲ್ಲಿರುವಾಗ, ಅದೇ ಪ್ರವಾಸದಲ್ಲಿ ಹತ್ತಿರದ ಹಳ್ಳಿಯ ಮಗ್ಗದ ಮುಂದೆ ಒಂದು ಗಳಿಗೆ ಕೂತು ಬರದಿದ್ದರೆ ನೋಡಿದ್ದು ಅರ್ಧವಾಯಿತು.

ತಾಬೊದ ಚಾವಣಿಯಲ್ಲೂ ಬಟ್ಟೆಯ ಚಿತ್ತಾರಗಳಿವೆ. ಮೂರ್ತಿಗಳ ಮೇಲೆ ಮೇಲ್ಕಟ್ಟು ಕಟ್ಟುವ ಪದ್ಧತಿಯನ್ನು ಬಣ್ಣದಲ್ಲಿ ಶಾಶ್ವತಗೊಳಿಸಿದ ಕೆಲಸ ಅದು. ಈ ಮಾತು ಮುಂದೆ ಲದಾಖಿನ ಆಲ್ಚಿಯಲ್ಲಿ ಮತ್ತೆ ಬರುತ್ತದೆ. 1996ರಲ್ಲಿ ತಾಬೊದ ಸಾವಿರ ವರ್ಷದ ನೆನಪಿಗೆ ದಲೈ ಲಾಮಾ ಇಲ್ಲಿ ಕಾಲಚಕ್ರ ದೀಕ್ಷೆ ನೀಡಿದರು. ವಿಹಾರದಲ್ಲಿ ಇಂದಿಗೂ ಭಿಕ್ಷುಗಳಿದ್ದಾರೆ, ಪೂಜೆ ನಡೆಯುತ್ತಿದೆ. ಹಳೆಯ ಕಟ್ಟಡಗಳು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ.

ಸ್ಪಿತಿಯ ಉಳಿದ ವಿಹಾರಗಳಲ್ಲಿ ಬಂಡೆಯ ನೆತ್ತಿಗೆ ಅಂಟಿಕೊಂಡ ಧಂಕರ್, ಗುಡ್ಡದ ತುದಿಯಲ್ಲಿ ಮನೆಯ ಮೇಲೆ ಮನೆ ಪೇರಿಸಿದಂತಿರುವ ಕೀ ಪ್ರಸಿದ್ಧ. ಸ್ಪಿತಿಯ ಹೆಂಗಸರು ಹೆಗಲ ಮೇಲೆ ಹೊದೆಯುವ ಪಟ್ಟೆಪಟ್ಟೆಯ ‘ಲಿಂಗ್‌ಚೆ’ ಕಿನ್ನೌರಿನ ಕುಸುರಿಗೂ ಲದಾಖಿನ ಸರಳ ನೇಯ್ಗೆಗೂ ನಡುವಿನ ಮೆಟ್ಟಿಲು.

ಚಾಂಗ್‌ಥಾಂಗಿನ ಆಡು, ಲದಾಖಿನ ಮಗ್ಗ

ಲದಾಖಿನ ಪೂರ್ವಕ್ಕಿರುವ ಚಾಂಗ್‌ಥಾಂಗ್ 4,000 ಮೀಟರಿಗೂ ಎತ್ತರದ ಬಯಲು. ಚಳಿಗಾಲದಲ್ಲಿ ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿಳಿಯುವ ಅಲ್ಲಿನ ಚಳಿಗೆ, ಆಡುಗಳು ಒರಟು ಕೂದಲಿನಡಿ ಅತಿ ನವಿರಾದ ಒಳತುಪ್ಪಳವನ್ನು ಬೆಳೆಸಿಕೊಳ್ಳುತ್ತವೆ. ಅದೇ ಪಶ್ಮ್, ಲದಾಖಿಗಳ ಮಾತಿನಲ್ಲಿ ‘ಲೇನಾ’. ಎಳೆಯ ದಪ್ಪ 12ರಿಂದ 15 ಮೈಕ್ರಾನ್. ಬಿಸಿಲು ಏರಿದಂತೆ ಅದು ತಾನಾಗಿ ಸಡಿಲವಾಗುತ್ತದೆ. ಆಗ ಚಾಂಗ್‌ಪಾ ಪಶುಪಾಲಕರು ಆಡಿನ ಕಾಲು ಕಟ್ಟಿ ಮಲಗಿಸಿ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ಒಂದು ಆಡಿನಿಂದ ವರ್ಷಕ್ಕೆ ಸಿಗುವುದು ಸುಮಾರು ಕಾಲು ಕಿಲೋ ಮಾತ್ರ. ಒರಟು ಕೂದಲು, ಧೂಳು, ಜಿಡ್ಡು ತೆಗೆದ ಮೇಲೆ ಅದರಲ್ಲೂ ಉಳಿಯುವುದು ಒಂದು ಪಾಲು.

ಈ ಹಿಡಿಯಷ್ಟು ತುಪ್ಪಳಕ್ಕಾಗಿ ರಾಜ್ಯಗಳು ಕಾದಾಡಿವೆ. ಟಿಬೆಟ್-ಲದಾಖ್ ಯುದ್ಧದ ಕೊನೆಗೆ 1684ರಲ್ಲಾದ ತಿಂಗ್‌ಮೊಸ್‌ಗಂಗ್ ಒಪ್ಪಂದದಂತೆ ಪಶ್ಚಿಮ ಟಿಬೆಟ್ಟಿನ ಪಶ್ಮ್ ಲದಾಖಿನ ಮೂಲಕವೇ ಕಾಶ್ಮೀರಕ್ಕೆ ಹೋಗಬೇಕಾಯಿತು. ಶ್ರೀನಗರದ ಶಾಲುಗಳು ಜಗತ್ಪ್ರಸಿದ್ಧವಾದವು. ಆಡು ಸಾಕಿದವರ ಹೆಸರು ಎಲ್ಲಿಯೂ ಬರಲಿಲ್ಲ. 1834ರಲ್ಲಿ ಡೋಗ್ರಾ ಸೇನಾನಿ ಜೋರಾವರ್ ಸಿಂಗ್ ಲದಾಖಿನ ಮೇಲೆ ಏರಿಹೋದದ್ದಕ್ಕೂ ಈ ವ್ಯಾಪಾರ ಒಂದು ಕಾರಣ. ಲದಾಖಿನಲ್ಲೇ ನೂತು ಲದಾಖಿನಲ್ಲೇ ನೇಯ್ದ ಪಶ್ಮೀನಾ ಈಗೀಗ ಅಂಗಡಿಗೆ ಬರುತ್ತಿದೆ. ಬಣ್ಣ ಹಾಕದ, ಆಡಿನ ಮೈಬಣ್ಣವನ್ನೇ ಉಳಿಸಿಕೊಂಡ ಆ ಬಟ್ಟೆಗೆ ಕಾಶ್ಮೀರದ ನಯವಿಲ್ಲ, ತನ್ನದೇ ಒಂದು ಗಟ್ಟಿತನವಿದೆ. ಕೊಳ್ಳುವವರು ಅದನ್ನು ಆರಿಸಿಕೊಂಡರೆ ಮೂರು ಶತಮಾನದ ಅನ್ಯಾಯ ಒಂದಿಷ್ಟು ಸರಿಯಾಗುತ್ತದೆ.

ಚಾಂಗ್‌ಪಾಗಳಲ್ಲಿ ಹೆಂಗಸರೂ ಗಂಡಸರೂ ನೇಯುತ್ತಾರೆ, ಆದರೆ ಒಂದೇ ಮಗ್ಗದಲ್ಲಲ್ಲ. ಹೆಂಗಸರದು ಸೊಂಟಕ್ಕೆ ಪಟ್ಟಿ ಬಿಗಿದು ನೆಲದ ಮೇಲೆ ಕೂತು ನೇಯುವ ಮಗ್ಗ. ಮೈ ಹಿಂದಕ್ಕೆ ವಾಲಿದರೆ ಹಾಸು ಬಿಗಿ, ಮುಂದೆ ಬಾಗಿದರೆ ಸಡಿಲ. ಬಟ್ಟೆಯ ಬಿಗಿತ ನೇಯುವವಳ ಬೆನ್ನಿನಲ್ಲೇ ಇದೆ. ಗಂಡಸರು ಯಾಕ್ ಮತ್ತು ಆಡಿನ ಒರಟು ಕೂದಲಿನಿಂದ ಹೇರುಚೀಲ, ಹಾಸು ಮತ್ತು ‘ರೆಬೊ’ ಎಂಬ ಕಪ್ಪು ಗುಡಾರದ ಪಟ್ಟಿಗಳನ್ನು ನೇಯುತ್ತಾರೆ. ಸಿಂಧೂ ಕಣಿವೆಯ ಹಳ್ಳಿಗಳಲ್ಲಿ ಲೆಕ್ಕ ಬೇರೆ: ನೂಲುವುದು ಹೆಚ್ಚಾಗಿ ಹೆಂಗಸರ ಪಾಲು, ಕಾಲುಮಗ್ಗದ ನೇಯ್ಗೆ ಗಂಡಸರದು. ತಕಲಿ ತಿರುಗಿಸುತ್ತಲೇ ದಾರಿ ನಡೆಯುವವರನ್ನು ಈಗಲೂ ಕಾಣಬಹುದು.

ಹಳ್ಳಿಯ ಮಗ್ಗದಲ್ಲಿ ಹುಟ್ಟುವ ದಪ್ಪ ಉಣ್ಣೆಬಟ್ಟೆಯ ಹೆಸರು ‘ನಂಬು’. ಅದರ ಅಗಲ ಒಂದು ಗೇಣಿಗಿಂತ ತುಸು ಹೆಚ್ಚು; ಪಟ್ಟಿಗಳನ್ನು ಜೋಡಿಸಿ ಹೊಲಿದರೆ ‘ಗೊಂಚಾ’ ಎಂಬ ನಿಲುವಂಗಿ ಆಗುತ್ತದೆ. ನಂಬುವಿಗೆ ಅಲ್ಲಲ್ಲಿ ಗಂಟು ಕಟ್ಟಿ ಬಣ್ಣದಲ್ಲಿ ಅದ್ದಿ ಚುಕ್ಕೆ, ವೃತ್ತಗಳನ್ನು ಮೂಡಿಸುವುದು ‘ಥಿಗ್ಮಾ’. ಹತ್ತಿ, ರೇಷ್ಮೆಯ ಮೇಲೆ ಗಂಟುಬಣ್ಣ ಕಂಡವರಿಗೆ ಉಣ್ಣೆಯ ಮೇಲಿನ ಈ ಕೆಲಸ ಬೆರಗು ಹುಟ್ಟಿಸುತ್ತದೆ. ಮದುವೆ, ಹಬ್ಬಗಳಲ್ಲಿ ಹೆಂಗಸರು ತೊಡುವ ‘ಪೆರಕ್’ ಹಣೆಯಿಂದ ಬೆನ್ನಿನವರೆಗೆ ಇಳಿಯುವ, ಹೆಡೆಯೆತ್ತಿದ ನಾಗನ ಆಕಾರದ ಶಿರೋಭೂಷಣ. ಕೆಂಪು ಬಟ್ಟೆಯ ಮೇಲೆ ಸಾಲುಸಾಲಾಗಿ ಹೊಲಿದ ಪಚ್ಚೆನೀಲಿ ಫಿರೋಜಾ ಕಲ್ಲುಗಳು, ಕಿವಿಯ ಬಳಿ ಕುರಿಮರಿಯ ತುಪ್ಪಳ. ತಾಯಿಯಿಂದ ಹಿರಿಯ ಮಗಳಿಗೆ ಬರುವ ಆಸ್ತಿ ಅದು. ಲೇಹ್ ಸಮೀಪದ ಸ್ಟೋಕ್ ಅರಮನೆಯ ಸಂಗ್ರಹಾಲಯದಲ್ಲಿ ರಾಣಿಯರ ಪೆರಕ್‌ಗಳಿವೆ.

ಲೋಹದ ಕೆಲಸಕ್ಕೆ ಜಂಸ್ಕಾರ್ ನದಿಯ ದಂಡೆಯ ಚಿಲ್ಲಿಂಗ್ ಎಂಬ ಸಣ್ಣ ಊರು ಹೆಸರಾಗಿದೆ. 1655ರಲ್ಲಿ ದೊರೆ ದೆಲ್ದಾನ್ ನಮ್ಗ್ಯಾಲ್ ತಂದೆಯ ನೆನಪಿಗೆ ಶೇ ಎಂಬಲ್ಲಿ ಚಿನ್ನದ ಲೇಪದ ತಾಮ್ರದ ಬೃಹತ್ ಬುದ್ಧನನ್ನು ಮಾಡಿಸಿದ. ಆ ಕೆಲಸಕ್ಕೆ ಬಂದ ನೇಪಾಳದ ಕಂಚುಗಾರರು ಚಿಲ್ಲಿಂಗಿನಲ್ಲಿ ನೆಲೆನಿಂತರೆಂದು ಊರಿನವರು ಹೇಳುತ್ತಾರೆ. ಬೆಳ್ಳಿಯ ಕಟ್ಟು ಹಾಕಿದ ತಾಮ್ರದ ಹೂಜಿ, ಚಹಾದ ಪಾತ್ರೆ, ಸೌಟುಗಳು ಅಲ್ಲಿಂದಲೇ ಲದಾಖಿನ ಅಡುಗೆಮನೆಗಳಿಗೆ ಬಂದವು. ಲೋಹವಷ್ಟೇ ಅಲ್ಲ, ಮರವೂ ಇಲ್ಲಿನ ಕುಶಲಕಲೆ: ಲದಾಖಿನ ಮರದ ಕೆತ್ತನೆಗೆ 2023ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು.

ಆಲ್ಚಿಯ ಚಾವಣಿ

ಲೇಹ್‌ನಿಂದ ಪಶ್ಚಿಮಕ್ಕೆ ಸುಮಾರು 65 ಕಿಲೋಮೀಟರ್ ದೂರದ ಆಲ್ಚಿ ಈ ಇಡೀ ದಾರಿಯ ತಿರುಳು. ಲದಾಖಿನ ಹೆಚ್ಚಿನ ಗೊಂಪಾಗಳು ಗುಡ್ಡದ ಮೇಲಿದ್ದರೆ ಇದು ನದಿಯ ಪಕ್ಕದ ತಗ್ಗಿನಲ್ಲಿ, ಜರ್ದಾಳು ಮರಗಳ ನಡುವೆ ಇದೆ. ಜನರ ಬಾಯಲ್ಲಿ ಇದೂ ರಿನ್ಚೆನ್ ಜಾಂಗ್ಪೊ ಕಟ್ಟಿಸಿದ್ದೇ. ಆದರೆ ಶಾಸನಗಳು ದ್ರೊ ವಂಶದ ಸ್ಥಳೀಯ ಗಣ್ಯರನ್ನು ಹೆಸರಿಸುತ್ತವೆ. ಮೂರಂತಸ್ತಿನ ‘ಸುಮ್‌ತ್ಸೆಕ್’ ಗುಡಿಯಲ್ಲಿ ಚಿತ್ರಿತವಾದ ಗುರುಪರಂಪರೆ ಜಿಗ್ತೆನ್ ಗೊನ್ಪೊ (1143–1217) ತನಕ ಬರುವುದರಿಂದ ಆ ಗುಡಿಯನ್ನು 13ನೆಯ ಶತಮಾನದ ಆರಂಭಕ್ಕೆ ಸೇರಿಸುವ ವಿದ್ವಾಂಸರಿದ್ದಾರೆ.

ಸುಮ್‌ತ್ಸೆಕ್‌ನ ಮೂರು ಗೂಡುಗಳಲ್ಲಿ ನಾಲ್ಕು ಮೀಟರ್ ಆಜುಬಾಜು ಎತ್ತರದ ಮೂರು ಬೋಧಿಸತ್ವರು ನಿಂತಿದ್ದಾರೆ: ಅವಲೋಕಿತೇಶ್ವರ, ಮೈತ್ರೇಯ, ಮಂಜುಶ್ರೀ. ತಲೆಗಳು ಮೇಲಂತಸ್ತಿಗೆ ಏರಿಹೋಗಿರುವುದರಿಂದ ಕೆಳಗೆ ನಿಂತವರಿಗೆ ಮೊದಲು ಕಾಣುವುದು ಮುಖವಲ್ಲ, ಉಟ್ಟ ಧೋತರ. ಆ ಮಣ್ಣಿನ ಧೋತರಗಳ ಮೇಲೆ ಒಂದು ಲೋಕವೇ ಇದೆ. ಅವಲೋಕಿತೇಶ್ವರನ ಧೋತರದಲ್ಲಿ ಗುಡಿಗಳು, ಅರಮನೆಗಳು, ಕುದುರೆ ಸವಾರರು. ಈ ಕಟ್ಟಡಗಳಲ್ಲಿ ಅಂದಿನ ಕಾಶ್ಮೀರವನ್ನು ಗುರುತಿಸುತ್ತಾರೆ. ಮೈತ್ರೇಯನದರಲ್ಲಿ ದುಂಡು ಚೌಕಟ್ಟುಗಳೊಳಗೆ ಬುದ್ಧನ ಜೀವನ. ಮಂಜುಶ್ರೀಯದರಲ್ಲಿ 84 ಮಹಾಸಿದ್ಧರು. ಪಕ್ಕದ ಸಭಾಮಂದಿರದ ಚಿತ್ರವೊಂದರಲ್ಲಿ ಮಧ್ಯ ಏಷ್ಯಾದ ಉಡುಪು ತೊಟ್ಟ ಅರಸ ಬಟ್ಟಲು ಹಿಡಿದು ಕೂತಿದ್ದಾನೆ. ಅವನ ಅಂಗಿಯ ಮೇಲೆ ಸಿಂಹಗಳಿರುವ ವೃತ್ತಗಳು, ತೋಳಿಗೆ ಪಟ್ಟಿ. ಸಿಂಧೂ ದಂಡೆಯ ಈ ಹಳ್ಳಿ ಎಷ್ಟು ದೂರದ ಮಗ್ಗಗಳನ್ನು ಬಲ್ಲದ್ದಾಗಿತ್ತೆಂಬುದಕ್ಕೆ ಆ ಒಂದು ಅಂಗಿ ಸಾಕು.

ಆಮೇಲೆ ತಲೆಯೆತ್ತಿ ಚಾವಣಿ ನೋಡಬೇಕು. ಜಂತೆಗಳ ನಡುವಿನ ಹಲಗೆಗಳ ಮೇಲೆ ಒಂದೊಂದರಲ್ಲಿ ಒಂದೊಂದು ಬಟ್ಟೆಯನ್ನು ಬಣ್ಣದಲ್ಲಿ ಬರೆದಿದ್ದಾರೆ. ಗಂಟುಬಣ್ಣದ ಚುಕ್ಕೆಗಳು, ಎಳೆಗೇ ಬಣ್ಣ ಕಟ್ಟಿ ನೇಯ್ದಾಗ ಅಂಚು ಕದಡುವ ಪಟ್ಟೆಗಳು, ಮೃಗಪಕ್ಷಿಗಳ ವೃತ್ತಗಳು, ಹೂಬಳ್ಳಿಗಳು. ಎಳೆ ಕದಡಿದ ರೀತಿಯನ್ನೂ ಬಿಡದೆ ತೋರಿಸಿರುವುದರಿಂದ, ಚಿತ್ರಕಾರರು ನಿಜವಾದ ಬಟ್ಟೆಗಳನ್ನು ಕೈಯಲ್ಲಿ ಹಿಡಿದೇ ಬರೆದರೆಂದು ನಂಬಬೇಕಾಗುತ್ತದೆ. ಎಂಟು ಶತಮಾನದ ಹಿಂದಿನ ಹತ್ತಿ, ರೇಷ್ಮೆಗಳನ್ನು ನುಸಿ, ಮಣ್ಣು, ಬೆಂಕಿ ತಿಂದಿವೆ. ಆ ಕಾಲದ ಭಾರತದ ಜವಳಿಯ ಬಗ್ಗೆ ತಿಳಿಯಲು ಈ ಹಲಗೆಗಳು ಒಂದು ನಮೂನೆಪುಸ್ತಕ. ಹಿಮಾಲಯದ ಬೇರಾವ ಒಂದೇ ಕೋಣೆಯೂ ನೇಯ್ಗೆಯನ್ನು ಪ್ರೀತಿಸುವವರಿಗೆ ಇಷ್ಟು ಕೊಡಲಾರದು. ಆದರೂ ಬಹುಪಾಲು ತಂಡಗಳು ಇಲ್ಲಿ ಕಳೆಯುವುದು ಅರ್ಧ ಗಂಟೆ.

ಗುಡಿಗಳ ನಿರ್ವಹಣೆ ಲಿಕಿರ್ ವಿಹಾರದ್ದು. ಬೀಗದ ಕೈ ಇರುವ ‘ಕೊನ್ಯೆರ್’ ಭಿಕ್ಷು ಬಂದು ತೆರೆಯಬೇಕು. ಒಳಗೆ ಫೋಟೊ ತೆಗೆಯುವಂತಿಲ್ಲ, ಮೇಲಂತಸ್ತಿಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಇದು ಬೇಕಾದ ಕಟ್ಟುನಿಟ್ಟು. ಬಣ್ಣದ ಪದರ ಉಸಿರಿನ ತೇವಕ್ಕೂ ಹಾನಿಗೊಳ್ಳುವಷ್ಟು ತೆಳುವು. ಗೊಂಪಾ, ಸ್ತೂಪ, ಮಣಿಗೋಡೆಗಳನ್ನು (ಮಂತ್ರ ಕೆತ್ತಿದ ಕಲ್ಲುಗಳ ಗೋಡೆಗಳನ್ನು) ಯಾವಾಗಲೂ ಬಲಗೊಂಡು ಸುತ್ತಬೇಕು. ಗೋಡೆಯ ಕಥೆಗಳನ್ನೂ ಹಾಗೆ ನಡೆಯುತ್ತ ಓದುವುದು ವಾಡಿಕೆ.

ರೇಷ್ಮೆಯ ದೇವರು

ಥಂಕಾ ಸುರುಳಿ ಸುತ್ತಿಡಬಹುದಾದ ಪೂಜಾಚಿತ್ರ. ಹತ್ತಿಬಟ್ಟೆಯನ್ನು ಮರದ ಚೌಕಟ್ಟಿಗೆ ದಾರದಿಂದ ಬಿಗಿದು, ಸರೇಸು ಮತ್ತು ಸೀಮೆಸುಣ್ಣದ ಲೇಪ ಬಳಿದು, ಕಲ್ಲಿನಿಂದ ಉಜ್ಜಿ ನುಣುಪು ಮಾಡಿ, ಮೇಲೆ ಅಳತೆಯ ಗೆರೆಗಳ ಜಾಲ ಎಳೆಯುತ್ತಾರೆ. ಬುದ್ಧನ ಮುಖದ ಉದ್ದಗಲ ಚಿತ್ರಕಾರನ ಇಷ್ಟಕ್ಕೆ ಬಿಟ್ಟದ್ದಲ್ಲ. ಬಣ್ಣಗಳು ಕಲ್ಲು ಅರೆದದ್ದು: ನೀಲಿ, ಹಸಿರು ತಾಮ್ರದ ಅದಿರುಗಳಿಂದ, ಕೆಂಪು ಇಂಗಳಿಕದಿಂದ. ಕಣ್ಣು ಬರೆಯುವುದು ಕೊನೆಗೆ. ನಮ್ಮ ಶಿಲ್ಪಿಗಳೂ ಮೂರ್ತಿಯ ಕಣ್ಣು ಬಿಡಿಸುವುದನ್ನು ಕೊನೆಗೇ ಉಳಿಸಿಕೊಳ್ಳುತ್ತಾರಲ್ಲ, ಹಾಗೆ. ಆಮೇಲೆ ಚಿತ್ರದ ಸುತ್ತ ಜರತಾರಿಯ ಚೌಕಟ್ಟು ಹೊಲಿಯುತ್ತಾರೆ. ಆ ಜರತಾರಿ ‘ಗ್ಯಾಸೆರ್’ ಬಹುಕಾಲದಿಂದ ಬರುತ್ತಿರುವುದು ಕಾಶಿಯಿಂದ. ಅಲ್ಲಿನ ಮುಸ್ಲಿಂ ನೇಕಾರರ ಮನೆಗಳಲ್ಲಿ ಕಮಲ, ಡ್ರ್ಯಾಗನ್, ಮೋಡಗಳ ಚಿತ್ತಾರ ಹಿಮಾಲಯದ ಗುಡಿಗಳಿಗಾಗಿಯೇ ಮಗ್ಗದಲ್ಲಿ ಮೂಡುತ್ತದೆ.

ಬರೆಯದೆ, ರೇಷ್ಮೆಯ ತುಂಡುಗಳನ್ನು ಕತ್ತರಿಸಿ ಜೋಡಿಸಿ ಹೊಲಿದು ಮಾಡುವ ಥಂಕಾಗಳೂ ಇವೆ. ಲದಾಖಿನ ಹೆಮಿಸ್ ವಿಹಾರದಲ್ಲಿ ಗುರು ಪದ್ಮಸಂಭವನ ಅಂಥದೊಂದು ಬೃಹತ್ ಥಂಕಾ ಇದೆ. 12 ವರ್ಷಕ್ಕೊಮ್ಮೆ, ಮಂಗನ ವರ್ಷದ ಜಾತ್ರೆಯಲ್ಲಿ, ಅದನ್ನು ಅಂಗಳದ ಗೋಡೆಗೆ ಇಳಿಬಿಡುತ್ತಾರೆ. 2016ರಲ್ಲಿ ಬಿಚ್ಚಿದ್ದನ್ನು ಮತ್ತೆ ಕಾಣುವುದು 2028ರಲ್ಲಿ. ಈ ಹೊಲಿಗೆಯನ್ನೂ ಥಂಕಾ ಚಿತ್ರಣವನ್ನೂ ಕಲಿಸಲು ಧರ್ಮಶಾಲಾ ಸಮೀಪ 1988ರಲ್ಲಿ ನೊರ್ಬುಲಿಂಕಾ ಸಂಸ್ಥೆ ಆರಂಭವಾಯಿತು.

ಇಂದಿನ ಸ್ಥಿತಿ

ಗುಡಿಗಳ ದೊಡ್ಡ ಶತ್ರು ಈಗ ಮಳೆ. ಪಾಪ್ಲರ್ ತೊಲೆ, ಮೇಲೆ ವಿಲ್ಲೊ ಕಡ್ಡಿಗಳ ಹಾಸು, ಅದರ ಮೇಲೆ ಜೇಡಿಮಣ್ಣು: ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳಂಥ ಚಾವಣಿ. ಹಿಮವನ್ನು ಸಲಿಕೆಯಿಂದ ತಳ್ಳಿದರಾಯಿತು ಎಂಬ ಲೆಕ್ಕದಲ್ಲಿ ಕಟ್ಟಿದ್ದು. 2010ರ ಆಗಸ್ಟ್‌ನಲ್ಲಿ ಲೇಹ್ ಸುತ್ತ ಮೇಘಸ್ಫೋಟವಾದಾಗ ಮಣ್ಣಿನ ಮನೆಗಳು ಕರಗಿಹೋದವು. ಚಾವಣಿ ಸೋರಿದರೆ ಭಿತ್ತಿಚಿತ್ರದ ಮೇಲೆ ಕೆಸರಿನ ಗೆರೆ ಇಳಿಯುತ್ತದೆ. ಅದನ್ನು ಅಳಿಸಲು ಹೋದರೆ ಬಣ್ಣವೂ ಹೋಗುತ್ತದೆ. ಬಾಸ್ಗೊ ಊರಿನವರು ತಾವೇ ಸಮಿತಿ ಕಟ್ಟಿ ತಮ್ಮ ಮೈತ್ರೇಯ ಗುಡಿಯನ್ನು ಉಳಿಸಿಕೊಂಡದ್ದಕ್ಕೆ 2007ರಲ್ಲಿ ಯುನೆಸ್ಕೊದ ಪ್ರಶಸ್ತಿ ಬಂತು.

ನೇಯ್ಗೆಯ ತೊಂದರೆ ಬೇರೆ. ಪಂಜಾಬಿನ ಯಂತ್ರಮಗ್ಗಗಳ ಶಾಲು ಕುಲ್ಲೂ, ಕಿನ್ನೌರಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಕೈಯಲ್ಲಿ ನೇಯ್ದ ಅಂಚನ್ನು ತಿರುವಿ ಹಾಕಿ ನೋಡಿದರೆ ಎಳೆ ಸಾಗಿದ ದಾರಿ ತಿಳಿಯುತ್ತದೆ; ಒಳ್ಳೆಯ ಮಾರ್ಗದರ್ಶಿ ಮೊದಲು ಕಲಿಸಬೇಕಾದ್ದು ಇದನ್ನೇ. ‘ಶಹತೂಷ್’ ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ಕೊಳ್ಳಬಾರದು. ಅದಕ್ಕಾಗಿ ಚಿರು ಎಂಬ ಟಿಬೆಟ್ಟಿನ ಜಿಂಕೆಯನ್ನು ಕೊಲ್ಲುತ್ತಾರೆ. ಅದರ ವ್ಯಾಪಾರ ಕಾನೂನುಬಾಹಿರ.

ಈ ಎಳೆಯ ಒಂದು ತುದಿ ಕರ್ನಾಟಕದಲ್ಲಿದೆ. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. 1966ರಲ್ಲಿ ಮುಂಡಗೋಡಿನಲ್ಲಿ ಇನ್ನೊಂದು ನೆಲೆಯಾಯಿತು. ಸೆರಾ ವಿಹಾರ ಬೈಲಕುಪ್ಪೆಯಲ್ಲಿ, ಗಾಂದೆನ್ ಮತ್ತು ದ್ರೆಪುಂಗ್ ಮುಂಡಗೋಡಿನಲ್ಲಿ ಮತ್ತೆ ಎದ್ದವು. ಪೆನೊರ್ ರಿಂಪೊಚೆ 1963ರಲ್ಲಿ ಬೈಲಕುಪ್ಪೆಯಲ್ಲಿ ಸ್ಥಾಪಿಸಿದ ನಾಮ್‌ದ್ರೊಲಿಂಗ್ ವಿಹಾರದ ಸ್ವರ್ಣಮಂದಿರ 1999ರಲ್ಲಿ ಪೂರ್ಣಗೊಂಡಿತು. ಮುಸುಕಿನ ಜೋಳದ ಹೊಲಗಳ ನಡುವಿನ ಈ ನೆಲೆಗಳಿಗೆ ಟಿಬೆಟ್ಟಿನ ಜಮಖಾನೆಯ ನೇಯ್ಗೆಯೂ ಬಂತು. ಅದರ ಗಂಟು ಸಾಮಾನ್ಯ ಜಮಖಾನೆಗಳ ಗಂಟಿಗಿಂತ ಬೇರೆ. ಹಾಸಿನ ಅಗಲಕ್ಕೆ ಒಂದು ಸಲಾಕೆಯನ್ನು ಅಡ್ಡ ಹಿಡಿದು, ಬಣ್ಣದ ಉಣ್ಣೆಯನ್ನು ಹಾಸಿನ ಎಳೆಗಳಿಗೂ ಸಲಾಕೆಗೂ ಸೇರಿಸಿ ಸುತ್ತುತ್ತ ಹೋಗುತ್ತಾರೆ. ಸಾಲು ಮುಗಿದ ಮೇಲೆ ಸಲಾಕೆಯ ಉದ್ದಕ್ಕೂ ಚಾಕು ಎಳೆದರೆ ಸುತ್ತುಗಳೆಲ್ಲ ಸೀಳಿ ನವಿರಾಗಿ ಅರಳುತ್ತವೆ, ಸಲಾಕೆ ಬಿಡುಗಡೆಯಾಗುತ್ತದೆ. ಮರದ ಸುತ್ತಿಗೆಯಿಂದ ಬಡಿದು ಸಾಲನ್ನು ಕೂರಿಸಿ, ಅದೇ ಸಲಾಕೆಯನ್ನು ಮುಂದಿನ ಸಾಲಿಗೆ ಇಡುತ್ತಾರೆ.